ಹಿಂದೆ ಸೀಟಿಲ್ಲದ ಗಾಡಿ

ಕುರುಗೋಡಿನ ಗಾಳೆಪ್ಪನ ಕುತ್ತಿಗೆಯ ಹಿಂಭಾಗ ಹೇಗಿದೆ ಎಂದು ಕೇಳಿದರೆ ಈ ಸೀಮೆಯ ಅರ್ಧ ಜನ ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಎಡಕಿವಿಯ ಕೆಳಗೆ ಹುಣಸೆಬೀಜದಷ್ಟು ಮಚ್ಚೆ, ಬೆವರು ಒರೆಸಿ ಒರೆಸಿ ಬಣ್ಣ ಬಿಟ್ಟ ಕೆಂಪು ಟವೆಲ್ಲು, ಅದರ ಮೇಲೆ ಗಿಡ್ಡಗೆ ಕತ್ತರಿಸಿದ ನರೆಗೂದಲು. ಮುಖ ಹೇಗಿದೆ ಎಂದು ಕೇಳಿದರೆ ಮಾತ್ರ ತಡವರಿಸುತ್ತಾರೆ. ಇಪ್ಪತ್ತೆಂಟು ವರ್ಷ ಅವನು ಕುರುಗೋಡಿಗೂ ಬಳ್ಳಾರಿಗೂ ಟ್ರ್ಯಾಕ್ಸ್ ಓಡಿಸಿದ. ಹಿಂದೆ ಕೂತವರಿಗೆ ಕಂಡದ್ದು ಅವನ ಬೆನ್ನು, ಅವನಿಗೆ ಕಂಡದ್ದು ಕನ್ನಡಿಯಲ್ಲಿ ಅವರ ಮುಖ.

ಆ ಕನ್ನಡಿ ಅವನಿಗೆ ಊರಿನ ಸಮಾಚಾರವನ್ನೆಲ್ಲ ತಂದುಕೊಟ್ಟಿತ್ತು. ಯಾರ ಮಗಳ ಸಂಬಂಧ ಮುರಿಯಿತು, ಯಾರ ಸೊಸೆ ತವರಿಗೆ ಹೋಗಿ ಕೂತಳು, ಯಾರ ಗಂಡ ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದಾನೆ, ಎಲ್ಲ ಅವನಿಗೆ ಗೊತ್ತು. ಮೆಣಸಿನಕಾಯಿ ಚೀಲದ ಘಾಟಿಗೆ ಹನ್ನೆರಡು ಜನ ಒಟ್ಟಿಗೆ ಸೀನುತ್ತಾ ಜಗಳವಾಡುತ್ತಾ ನಗುತ್ತಾ ಹೋಗುತ್ತಿದ್ದರು. ಅವನು ಮಾತನಾಡದೆ ಗೇರು ಬದಲಿಸುತ್ತಾ ಕೇಳಿಸಿಕೊಳ್ಳುತ್ತಿದ್ದ. ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳಿದರೆ ‘ಯಾವಾಗ ಬಿಡ್ತಿಯೋ ಮಾರಾಯಾ’ ಎಂಬ ಒಂದೇ ಪ್ರಶ್ನೆ. ಗಾಳೆಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಬೆನ್ನ ಹಿಂದೆ ಮಾತಿನ ಸದ್ದು ಇದ್ದರೆ ತಾನೂ ಮಾತಾಡಿದ ಹಾಗೆಯೇ ಅವನಿಗೆ.

ಆರು ವರ್ಷದ ಹಿಂದೆ ಹೆಂಡತಿ ಪಾರಮ್ಮ ಜ್ವರ ಬಂದು ತೀರಿಕೊಂಡಳು. ಮಕ್ಕಳಿರಲಿಲ್ಲ. ಮೂರು ದಿನ ಗಾಡಿ ನಿಲ್ಲಿಸಿ ನಾಲ್ಕನೆಯ ದಿನ ಸ್ಟೇರಿಂಗ್ ಹಿಡಿದ. ಆಮೇಲೆ ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾಯಿತು. ಅವನ ಗಾಡಿಯ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಅವರು ಬಸ್ಸಿನ ಕಿಟಕಿಯಿಂದ ‘ಹೋಗಿ ಬರ್ತೀವೋ ಗಾಳೆಪ್ಪ’ ಎಂದು ಕೈ ಬೀಸಿ ಹೋದರು. ಅವರ ತಪ್ಪೇನಿದೆ, ಇವನೇ ಹೆಣ್ಣಾಗಿದ್ದರೂ ಬಸ್ಸೇ ಹತ್ತುತ್ತಿದ್ದ. ಖಾಲಿ ಗಾಡಿ ಆರು ತಿಂಗಳು ಸ್ಟ್ಯಾಂಡಿನಲ್ಲಿ ನಿಂತು ಧೂಳು ತಿಂದ ಮೇಲೆ ಸಿರುಗುಪ್ಪದ ಒಬ್ಬ ಭತ್ತದ ವ್ಯಾಪಾರಿ ಬಂದು ಕೊಂಡುಹೋದ. ಗಾಡಿ ಹೋಗುವಾಗ ಗಾಳೆಪ್ಪ ಅದರ ಕನ್ನಡಿಯನ್ನು ಬಿಚ್ಚಿ ಇಟ್ಟುಕೊಂಡ. ಈಗ ಮನೆಯಲ್ಲಿ ಅದನ್ನು ನೋಡಿಕೊಂಡು ಗಡ್ಡ ಕೆರೆದುಕೊಳ್ಳುತ್ತಾನೆ. ಅದರಲ್ಲಿ ಅವನ ಮುಖ, ಹಿಂದೆ ಬರಿ ಗೋಡೆ.

ಕೆಲಸ ಹೋದರೂ ಅಭ್ಯಾಸ ಹೋಗಲಿಲ್ಲ. ದಿನಾ ಒಂಬತ್ತರ ಬಸ್ಸಿಗೆ ಬಳ್ಳಾರಿಗೆ ಹೊರಟುಬಿಡುತ್ತಿದ್ದ. ಅಲ್ಲಿ ಅವನಿಗೆ ಯಾವ ಕೆಲಸವೂ ಇರಲಿಲ್ಲ. ಮೋತಿ ಸರ್ಕಲ್ಲಿನ ಹತ್ತಿರ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಕೌಲ್ ಬಜಾರಿನಲ್ಲಿ ಮೆಕ್ಯಾನಿಕ್ ವೆಂಕಣ್ಣನ ಗ್ಯಾರೇಜಿನ ಕಲ್ಲಿನ ಮೇಲೆ ಕೂತು ಮೂರರ ಬಸ್ಸಿಗೆ ಹಿಂದಿರುಗುವುದು. ಅಂಥ ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹಣ್ಣು ಮಾರುವವಳು ಹಿಂದಿನಿಂದ ಕೂಗಿದಳು.

“ಯಜಮಾನ್ರೇ, ಚಪ್ಲಿ ಬಿಟ್ಟು ಎಲ್ಲಿಗಿ ಹೊಂಟ್ರಿ?”

ತಿರುಗಿ ನೋಡಿದರೆ ಅವನ ಬಲಗಾಲಿನ ಚಪ್ಪಲಿ ಇಪ್ಪತ್ತು ಹೆಜ್ಜೆ ಹಿಂದೆ ಬಿದ್ದಿತ್ತು. ಮೇ ತಿಂಗಳ ಮಧ್ಯಾಹ್ನ, ಬಳ್ಳಾರಿಯ ಡಾಂಬರು ಕುದಿಯುತ್ತಿತ್ತು. ಅದರ ಮೇಲೆ ಬರಿಗಾಲಲ್ಲಿ ಇಪ್ಪತ್ತು ಹೆಜ್ಜೆ ನಡೆದಿದ್ದಾನೆ, ಕಾಲಿಗೆ ತಿಳಿದೇ ಇಲ್ಲ. ಸಕ್ಕರೆ ಕಾಯಿಲೆ ಇದ್ದದ್ದು ಗೊತ್ತಿತ್ತು, ನೆನಪಾದ ದಿನ ಮಾತ್ರೆ ನುಂಗುತ್ತಿದ್ದ. ಅಂದು ರಾತ್ರಿ ಅಂಗಾಲು ಬೊಬ್ಬೆ ಎದ್ದಿತು. ಆ ಬೊಬ್ಬೆಯೂ ನೋಯಲಿಲ್ಲ. ಅವನು ಅದನ್ನು ಯಾರಿಗೂ ಹೇಳಲಿಲ್ಲ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಕೊಂಡುಕೊಂಡು ಸುಮ್ಮನಾದ. ಎರಡು ವರ್ಷದ ಹಿಂದಿನ ಮಾತಿದು.

ಗೇಮಿನ ಅಂಗಡಿ ಅವನಿಗೆ ಗಂಟುಬಿದ್ದದ್ದು ಕಿವಿಯಿಂದ. ಈ ಸಲದ ಯುಗಾದಿ ಕಳೆದ ಮೇಲೆ ಒಂದು ದಿನ ವೆಂಕಣ್ಣನ ಗ್ಯಾರೇಜಿನಲ್ಲಿ ಕೂತಿದ್ದಾಗ ಪಕ್ಕದ ಕಟ್ಟಡದ ಮಹಡಿಯಿಂದ ಎಂಜಿನ್ ಸದ್ದು ಕೇಳಿತು. ಡೀಸೆಲ್ ಅಲ್ಲ, ಇವನು ಕೇಳಿದ ಯಾವ ಪೆಟ್ರೋಲ್ ಗಾಡಿಯೂ ಅಲ್ಲ, ಆದರೆ ಎಂಜಿನ್ ಹೌದು. ಮೂರನೆಯ ಗೇರಿನಿಂದ ಎರಡಕ್ಕೆ ಇಳಿಯುವಾಗ ಅದು ಗೊರಗುಟ್ಟಿದ ರೀತಿ ಸುಳ್ಳು ಹೇಳಲು ಬರುವಂಥದ್ದಲ್ಲ. ಗಾಳೆಪ್ಪ ಎದ್ದು ಕಿರಿದಾದ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತು, ಅಲ್ಲಿದ್ದ ಹೆಣ್ಣುಮಗಳನ್ನು ಕೇಳಿದ.

“ಗಾಡಿ ಮ್ಯಾಲ ಹೆಂಗ ಹತ್ತಿಸಿದ್ರಬೇ?”

ಅವಳು ಜ್ಯೋತಿ. ಮೂವತ್ತೈದರ ಆಸುಪಾಸು, ಕೆಳಗಿನ ಝೆರಾಕ್ಸ್ ಅಂಗಡಿಯೂ ಮೇಲಿನ ಗೇಮಿನ ಅಂಗಡಿಯೂ ಅವಳದ್ದೇ. ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಮೂಲೆಯಲ್ಲಿದ್ದ ಸಾಮಾನು ತೋರಿಸಿದಳು. ಗುಜರಿ ಕಾರಿನಿಂದ ಬಿಚ್ಚಿ ತಂದ ಸೀಟು, ಅದರ ಮುಂದೆ ಕಬ್ಬಿಣದ ಚೌಕಟ್ಟಿಗೆ ಬಿಗಿದ ಸ್ಟೇರಿಂಗು, ಪಕ್ಕದಲ್ಲಿ ಗೇರಿನ ಕೋಲು, ಕೆಳಗೆ ಮೂರು ಪೆಡಲು, ಎದುರಿಗೆ ಗೋಡೆಯಷ್ಟು ದೊಡ್ಡ ಟಿವಿ. ಓಟದ ಕಾರಿನ ಆಟ. ಮಧ್ಯಾಹ್ನ ಗಿರಾಕಿ ಇರುವುದಿಲ್ಲ, ಕೂತು ನೋಡ್ರಿ ಮಾವ, ಎಂದಳು.

ಗಾಳೆಪ್ಪ ಕೂರುವ ಮೊದಲು ಸ್ಯಾಂಡಲ್ ಬಿಚ್ಚಿ ಬಾಗಿಲ ಹೊರಗಿಟ್ಟು ಬಂದ. ಗಾಡಿಗೆ ಚಪ್ಪಲಿಗಾಲಲ್ಲಿ ಹತ್ತಿದವನಲ್ಲ ಅವನು. ಪೆಡಲನ್ನು ಬರಿಗಾಲೇ ಮುಟ್ಟಬೇಕು ಎಂದು ಕಲಿಸಿದ ಗುರುವಿನ ಮಾತು ಇಪ್ಪತ್ತೆಂಟು ವರ್ಷ ಮೀರಿಲ್ಲ. ಸ್ಟೇರಿಂಗನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಕಾರು ಹೊರಟಿತು. ಮೊದಲ ತಿರುವಿನಲ್ಲಿ ಸ್ಟೇರಿಂಗು ಕೈಯೊಳಗೆ ಜಗ್ಗಿತು. ನಿಜವಾದ ಗಾಡಿ ಜಗ್ಗಿದ ಹಾಗೇ ಜಗ್ಗಿತು. ಗಾಳೆಪ್ಪನ ಕಣ್ಣಲ್ಲಿ ನೀರು ಬಂತು. ಇದನ್ನು ಮುಚ್ಚಿಡುವುದೇಕೆ? ಎರಡು ವರ್ಷಕ್ಕೂ ಮೇಲಿಂದ ಅವನ ಅಂಗೈಗೆ ಯಾವ ಗಾಡಿಯೂ ಮಾತಾಡಿರಲಿಲ್ಲ.

ಆಟ ಬಹಳ ನಿಜವಾಗಿತ್ತು ಎಂದು ಅವನು ಬಾಯಿಬಿಟ್ಟು ಒಪ್ಪದಿದ್ದರೂ ಕೈ ಒಪ್ಪಿತ್ತು. ಟೈರು ಬಿಸಿಯಾಗುವ ತನಕ ಗಾಡಿ ಹಿಡಿತಕ್ಕೆ ಬರುವುದಿಲ್ಲ. ಪೆಟ್ರೋಲು ಕಡಿಮೆಯಾದಂತೆ ಗಾಡಿ ಹಗುರವಾಗುತ್ತದೆ. ರಸ್ತೆಯ ಅಂಚಿನ ಕೆಂಪು ಬಿಳಿ ಪಟ್ಟೆಯ ಮೇಲೆ ಗಾಲಿ ಹತ್ತಿದರೆ ಸ್ಟೇರಿಂಗು ನಡುಗುತ್ತದೆ. ಒಂದು ದಿನ ಆಟದಲ್ಲಿ ಮಳೆ ಬಂತು. ಮುಂದಿನ ಗಾಲಿ ಹಿಡಿತ ತಪ್ಪುವ ಮುನ್ನ ಸ್ಟೇರಿಂಗು ಒಂದು ಗಳಿಗೆ ಹಗುರವಾಯಿತಲ್ಲ, ಅದು ಥೇಟ್ ರಾರಾವಿಯ ಎರೆಮಣ್ಣಿನ ದಾರಿಯಲ್ಲಿ ಮದುವೆ ದಿಬ್ಬಣ ಒಯ್ಯುವಾಗ ಆದ ಹಾಗೇ ಆಯಿತು. ಇದನ್ನು ಮಾಡಿದವನು ಯಾವನೋ, ಅವನೂ ಒಮ್ಮೆ ಕೆಸರಿನಲ್ಲಿ ಗಾಡಿ ಜಾರಿಸಿಕೊಂಡಿರಬೇಕು ಎಂದುಕೊಂಡ.

ಕೊರತೆಯ ವಿಷಯಕ್ಕೆ ಬಂದರೆ ಅವನ ಬಾಯಿಗೆ ಬೀಗ ಇರಲಿಲ್ಲ. ಜ್ಯೋತಿಯ ಅಂಗಡಿಯ ಗೋಡೆಗೆ ಒಂದು ಬಿಳಿ ಹಲಗೆ ತೂಗುಹಾಕಿತ್ತು. ಪ್ರತಿ ಆಟದ ಹೆಸರಿನ ಕೆಳಗೆ ಎರಡು ಸಾಲು, ‘ಚಲೋ’, ‘ಕೊರತೆ’ ಎಂದು. ಆಡಿದವರು ತಮಗೆ ತೋಚಿದ್ದನ್ನು ಬರೆಯಬೇಕು, ಹೊಸಬರು ಓದಿ ಆರಿಸಿಕೊಳ್ಳಬೇಕು. ಗಾಳೆಪ್ಪ ಹೇಳುತ್ತಿದ್ದ, ಅವಳು ನಗುತ್ತಾ ಬರೆಯುತ್ತಿದ್ದಳು. ಹಾರ್ನ್ ಇಲ್ಲ. ರಸ್ತೆ ಮೇಲೆ ಎಮ್ಮೆ ಇಲ್ಲ, ಭತ್ತ ಒಣಹಾಕಿಲ್ಲ, ಒಂದು ಗುಂಡಿ ಸೈತ ಇಲ್ಲ. ಎಷ್ಟು ಓಡಿಸಿದರೂ ಹೊರಟ ಜಾಗಕ್ಕೇ ಬರುತ್ತದೆ, ಯಾವ ಊರೂ ಬರುವುದಿಲ್ಲ. ಹಾರ್ನ್ ಇಲ್ಲದ್ದು ಅವನಿಗೆ ಎಷ್ಟು ಕಸಿವಿಸಿ ಮಾಡಿತೆಂದರೆ, ಪ್ರತಿ ಸುತ್ತಿನ ಆರಂಭದ ಗೆರೆಯ ಹತ್ತಿರ ಬಾಯಿಂದಲೇ ‘ಪಾಂ ಪಾಂ’ ಎನ್ನುತ್ತಿದ್ದ. ಕುರುಗೋಡಿನ ಬಸವೇಶ್ವರನ ಗುಡಿ ದಾಟುವಾಗ ಎರಡು ಸಲ ಹಾರ್ನ್ ಹೊಡೆಯದೆ ಅವನು ಬಳ್ಳಾರಿಯ ದಾರಿ ಹಿಡಿದವನಲ್ಲ.

ಒಂದು ಶನಿವಾರ ಕಾಲೇಜಿನ ನಾಲ್ಕೈದು ಹುಡುಗರು ಬಂದು ಅಂಗಡಿಯ ಉಳಿದ ಟಿವಿಗಳ ಮುಂದೆ ಕೂತು ಗಾಳೆಪ್ಪನನ್ನೂ ಪಂದ್ಯಕ್ಕೆ ಸೇರಿಸಿಕೊಂಡರು. ಎರಡನೆಯ ಸುತ್ತಿನಲ್ಲಿ ಮುಂದಿನ ಕಾರು ತಿರುವಿನಲ್ಲಿ ಮಗುಚಿ ಬಿತ್ತು. ಉಳಿದವರೆಲ್ಲ ಪಕ್ಕದಲ್ಲಿ ಸುಯ್ಯೆಂದು ಹೋದರು. ಗಾಳೆಪ್ಪ ಎಡಕ್ಕೆ ಸರಿದು, ವೇಗ ಇಳಿಸಿ, ಮಗುಚಿದ ಕಾರಿನ ಪಕ್ಕ ತಂದು ನಿಲ್ಲಿಸಿ, ನ್ಯೂಟ್ರಲ್‌ಗೆ ಹಾಕಿ, ಜ್ಯೋತಿಯ ಕಡೆ ತಿರುಗಿದ.

“ಇಳಿಯಾಕ ಯಾವ ಬಟನ್ ಐತಿ?”

“ಯಾಕ ಮಾವ?”

“ಒಳಗ ಮನಿಷ್ಯಾ ಅದಾನಲ್ಲಬೇ!”

ಹುಡುಗರು ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಮಗುಚಿದ ಕಾರು ಮಾಯವಾಗಿ, ಹೊಸದಾಗಿ, ರಸ್ತೆಯ ಮಧ್ಯೆ ನಿಂತು, ಏನೂ ಆಗಿಲ್ಲ ಎಂಬಂತೆ ಓಡಿಹೋಯಿತು. ಗಾಳೆಪ್ಪನೂ ನಕ್ಕ, ಆದರೆ ಅವನಿಗೆ ಅದು ಸರಿ ಬರಲಿಲ್ಲ. ಅಂದು ಅವನು ಕೊರತೆಯ ಸಾಲಿಗೆ ಬರೆಸಿದ್ದು ಹೀಗೆ: ‘ಇಳಿಯಾಕ ಬರಂಗಿಲ್ಲ.’ ಅದರ ಕೆಳಗೆ ಇನ್ನೊಂದು: ‘ಹಿಂದ ಸೀಟಿಲ್ಲ.’ ಓಟದ ಕಾರಿನ ಕನ್ನಡಿಯಲ್ಲಿ ಅವನು ಎಷ್ಟೋ ಸಲ ಕಣ್ಣು ಹಾಯಿಸಿದ್ದ. ಬರಿ ಕಬ್ಬಿಣದ ಸರಳು, ಅದರಾಚೆ ರಸ್ತೆ. ಇಷ್ಟೆಲ್ಲ ನಿಜ ಮಾಡಿದವರು ಒಬ್ಬ ಮುದುಕಿಯನ್ನಾದರೂ ಹಿಂದೆ ಕೂರಿಸಬಾರದಿತ್ತೇ ಎಂದು ಅವನ ಸಂಕಟ. ‘ಚಲೋ’ ಸಾಲು ಮಾತ್ರ ಅವನ ಮಟ್ಟಿಗೆ ಖಾಲಿ. ಜ್ಯೋತಿ ಎಷ್ಟು ಕೇಳಿದರೂ “ನೋಡೂಣು ತಡಿ” ಎನ್ನುತ್ತಿದ್ದ.

ಹೀಗಿರುವಾಗ ಮೇ ತಿಂಗಳ ಕೊನೆಯ ಒಂದು ಬುಧವಾರ ದೊಡ್ಡಬಸಪ್ಪನವರು ಅವನ ಮನೆಗೆ ಬಂದರು. ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಇಪ್ಪತ್ತೆರಡು ವರ್ಷ ಗಾಳೆಪ್ಪನ ಗಾಡಿಯಲ್ಲಿ, ಅವನ ಸೀಟಿನ ನೇರ ಹಿಂದೆ ಕೂತು ಓಡಾಡಿದವರು. ತಾಯಿ ಸತ್ತದ್ದು, ಬಡ್ತಿ ತಪ್ಪಿದ್ದು, ಮೊಮ್ಮಗಳು ಹುಟ್ಟಿದ್ದು, ಎಲ್ಲವನ್ನೂ ಪಕ್ಕದವರಿಗೆ ಹೇಳುತ್ತಾ ಗಾಳೆಪ್ಪನ ಕಿವಿಗೂ ಹಾಕಿದವರು. ನಿವೃತ್ತಿಯ ನಂತರ ಕುರುಗೋಡಿನ ಒಂದು ಖಾಸಗಿ ಶಾಲೆಯ ವಾಹನಗಳ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು.

“ಹೊಸ ವ್ಯಾನ್ ಬಂದೈತಿ ಗಾಳೆಪ್ಪ. ಸುತ್ತಲ ಹಳ್ಳಿಯ ಹದಿನೇಳು ಹುಡುಗ್ರು. ಸೋಮವಾರದೊಳಗ ಡ್ರೈವರ್ ಗೊತ್ತು ಮಾಡಬೇಕು. ನೀನಽ ಬೇಕು ಅಂತ ಹೇಳಿ ಬಂದೀನಿ. ಇಷ್ಟು ವರ್ಷದಾಗ ಒಂದು ನಾಯಿ ಮರಿ ಸೈತ ನಿನ್ನ ಗಾಲಿಗೆ ಬಿದ್ದಿಲ್ಲ.”

ಹದಿನೇಳು ಮಕ್ಕಳು. ಕನ್ನಡಿಯ ತುಂಬ ಮುಖ, ಗಾಡಿಯ ತುಂಬ ಗಲಾಟೆ, ದಿನಕ್ಕೆ ಎರಡು ಸಲ. ಪೆನ್ಸಿಲ್ಲಿಗೆ ಜಗಳ, ಬುತ್ತಿಯ ವಾಸನೆ, ‘ಡ್ರೈವರ್ ತಾತ, ನಿಲ್ಲಿಸು’ ಎಂಬ ಕೂಗು. ಗಾಳೆಪ್ಪನಿಗೆ ಅದು ಎಷ್ಟು ಬೇಕಾಗಿತ್ತು ಎಂದರೆ, ಸಂಬಳವೆಷ್ಟು ಎಂದು ಕೇಳಲು ಕೂಡ ನೆನಪಾಗಲಿಲ್ಲ. “ಸೋಮವಾರ ಹೇಳ್ತೀನ್ರಿ ಬಸಪ್ಪಣ್ಣ” ಎಂದ. ಬಾಯಲ್ಲಿ ಆಗಲೇ ‘ಹ್ಞೂ’ ಬಂದು ಕೂತಿತ್ತು. ಮರಗಟ್ಟಿದ ಕಾಲು ನೆನಪಾಗಿ ಅದನ್ನು ತಡೆದ.

ಮಾರನೆಯ ದಿನ ಗೇಮಿನ ಅಂಗಡಿಯಲ್ಲಿ ಜ್ಯೋತಿ ಅವನ ಬೆನ್ನ ಹಿಂದೆ ನಿಂತು ಟೀ ಕುಡಿಯುತ್ತಾ ಟಿವಿ ನೋಡುತ್ತಿದ್ದಳು.

“ಮಾವ, ಬ್ರೇಕ್ ಹಿಡಿಯುವಾಗ ಎಕ್ಸಲೇಟರ್ನೂ ತುಳೀತೀರಲ್ಲ, ಅದು ಹಳೇ ಡ್ರೈವರ್ರ ಟ್ರಿಕ್ಕೇನು?”

“ನಾನು ಎಲ್ಲಿ ತುಳೀತೀನಿ?”

ಅವಳು ಪರದೆಯ ಕೆಳಮೂಲೆ ತೋರಿಸಿದಳು. ಅಲ್ಲಿ ಎರಡು ಸಣ್ಣ ಪಟ್ಟಿಗಳಿದ್ದವು, ಒಂದು ಹಸಿರು, ಒಂದು ಕೆಂಪು. ಎಕ್ಸಲೇಟರ್ ತುಳಿದಷ್ಟು ಹಸಿರು ಏರುತ್ತದೆ, ಬ್ರೇಕ್ ತುಳಿದಷ್ಟು ಕೆಂಪು. ಇಷ್ಟು ದಿನ ಅವನು ಅವನ್ನು ಅಲಂಕಾರವೆಂದುಕೊಂಡಿದ್ದ. ಈಗ ತಿರುವು ಬಂತು. ಬಲಗಾಲನ್ನು ಬ್ರೇಕಿಗೆ ತಂದ. ಕೆಂಪು ಏರಿತು. ಅದರ ಜೊತೆಗೆ ಹಸಿರೂ ಅರ್ಧದ ತನಕ ಏರಿ ನಿಂತಿತು. ಅವನಿಗೆ ಕಾಲು ಪೂರ್ತಿ ಬ್ರೇಕಿನ ಮೇಲಿದೆ ಎಂದೇ ಅನ್ನಿಸಿತ್ತು. ಬಗ್ಗಿ ನೋಡಿದರೆ ಪಾದದ ಬಲ ಅಂಚು ಎಕ್ಸಲೇಟರಿನ ಮೇಲೆ ಆರಾಮಾಗಿ ಕೂತಿತ್ತು.

“ಹೌದಬೇ, ಟ್ರಿಕ್ಕು” ಎಂದ ಗಾಳೆಪ್ಪ.

ಶುಕ್ರವಾರ ಅವನು ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಹತ್ತು ಸುತ್ತು. ಒಂದು ಸಲವೂ ಕೆಂಪಿನ ಜೊತೆ ಹಸಿರು ಏಳಬಾರದು. ಹಾಗೆ ಹತ್ತು ಸುತ್ತು ಮುಗಿಸಿದರೆ ವ್ಯಾನು ತನ್ನದು. ಬರಿಗಾಲಲ್ಲಿ ಆಡಿದ, ಆಗಲಿಲ್ಲ. ಗುರುವಿನ ಕ್ಷಮೆ ಕೇಳಿ ಸ್ಯಾಂಡಲ್ ಹಾಕಿಕೊಂಡು ಆಡಿದ, ಆಗಲಿಲ್ಲ. ಪಾದವನ್ನು ಎಡಕ್ಕೆ ವಾಲಿಸಿ ಆಡಿದ. ಆಗ ಬ್ರೇಕೂ ತಪ್ಪಿ ಹೋಯಿತು. ಒಂದು ಗಳಿಗೆ ಸರಿ ಬಂದರೆ ಇನ್ನೊಂದು ಗಳಿಗೆ ಹಸಿರು ಎದ್ದು ನಿಲ್ಲುತ್ತಿತ್ತು. ಅವನು ಅದಕ್ಕೆ ತೆಲುಗಿನಲ್ಲಿ ಬೈದ, ಉರ್ದುವಿನಲ್ಲಿ ಬೈದ. ಬೈದದ್ದು ಆಟಕ್ಕೋ ಕಾಲಿಗೋ ಅವನಿಗೇ ಗೊತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಮೂಲೆಯ ಪಟ್ಟಿಗಳ ಮೇಲೆಯೇ ಕಣ್ಣಿಟ್ಟ. ಹಸಿರು ಚೂರು ಮಿಸುಕಿದರೂ ಕಾಲನ್ನು ಸರಿಸಿದ. ಒಂದು ಸುತ್ತು, ಎರಡು, ಐದು, ಏಳು. ಮೈಯೆಲ್ಲ ಬೆವರು. ಎಂಟನೆಯ ಸುತ್ತಿನಲ್ಲಿ ಹಸಿರು ಪೂರ್ತಿ ಇಳಿದಿತ್ತು, ಕೆಂಪು ಲಕ್ಷಣವಾಗಿ ಏರಿತ್ತು, ಆದರೆ ಕಾರು ನೆಟ್ಟಗೆ ಹೋಗಿ ಗೋಡೆಗೆ ಬಡಿಯಿತು. ತಿರುವು ಬಂದದ್ದನ್ನು ಅವನು ನೋಡಿಯೇ ಇರಲಿಲ್ಲ. ಕಾಲು ನೋಡಿಕೊಂಡು ಗಾಡಿ ಓಡಿಸಿದರೆ ರಸ್ತೆ ನೋಡುವವರು ಯಾರು? ಪರದೆ ಕಪ್ಪಾಯಿತು. ಮರುಗಳಿಗೆ ಹೊಚ್ಚ ಹೊಸ ಕಾರು ಮಿರಿಮಿರಿ ಮಿಂಚುತ್ತಾ ಅವನಿಗಾಗಿ ಕಾದು ನಿಂತಿತು.

ಗಾಳೆಪ್ಪ ಅದನ್ನು ಓಡಿಸಲಿಲ್ಲ. ಎದ್ದು ಹಲಗೆಯ ಹತ್ತಿರ ಹೋಗಿ ಜ್ಯೋತಿಯನ್ನು ಕರೆದ.

“ಬರಕೋ. ಚಲೋ ಅನ್ನೋ ಕಡಿ ಬರಿ. ಮೂಲಿಯಾಗಿನ ಎರಡು ಪಟ್ಟಿ ಸುಳ್ಳು ಹೇಳಂಗಿಲ್ಲ.”

“ಅಂತೂ ಒಂದು ಹೊಗಳಿದ್ರಿ! ಕೊರತಿ ಕಡಿ?”

“ಸತ್ತೋರು ಎದ್ದು ಬರ್ತಾರ.”

ಅವಳು ನಗುತ್ತಾ ಬರೆದಳು. ಅವನು ನಗಲಿಲ್ಲ. ಮೂರರ ಬಸ್ಸಿನಲ್ಲಿ ಕೂತು ಊರು ತಲುಪುವ ತನಕ ತನ್ನೊಡನೆ ತಾನೇ ವಾದ ಮಾಡಿದ. ಅದು ಆಟದ ಸಾಮಾನು, ಪೆಡಲುಗಳ ನಡುವೆ ಜಾಗ ಸಾಲದು. ವ್ಯಾನಿನಲ್ಲಿ ಪೆಡಲು ಅಗಲ ಇರುತ್ತದೆ. ಆಟದಲ್ಲಿ ಇನ್ನೂರರ ವೇಗ. ವ್ಯಾನು ನಲವತ್ತು ದಾಟುವುದಿಲ್ಲ. ಮಾತ್ರೆ ಸರಿಯಾಗಿ ನುಂಗಿದರೆ ಕಾಲಿಗೆ ಜೀವ ಬಂದರೂ ಬರಬಹುದು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ಅದರಲ್ಲಿದ್ದ ಬರಿ ಗೋಡೆಯನ್ನು ನೋಡಿ, ಹ್ಞೂ ಎಂದುಬಿಡುತ್ತೇನೆ, ವ್ಯಾನಿನ ಕೆಲಸ ಒಪ್ಪಿಕೊಂಡುಬಿಡುತ್ತೇನೆ ಎಂದು ತೀರ್ಮಾನಿಸಿದ. ಅವನನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಇಡೀ ದಿನ ಯಾರೊಬ್ಬರೂ ಹೆಸರು ಹಿಡಿದು ಕರೆಯದ ಮನೆಯಲ್ಲಿ ಇದ್ದು ನೋಡಿದವರು ಬೇಕಾದರೆ ಬೈಯಲಿ.

ಭಾನುವಾರ ಬೆಳಿಗ್ಗೆ ಶಾಲೆಯ ಅಂಗಳಕ್ಕೆ ಹೋದ. ಹಳದಿ ವ್ಯಾನು ನಿಂತಿತ್ತು, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಕೂಡ ತೆಗೆದಿರಲಿಲ್ಲ. ದೊಡ್ಡಬಸಪ್ಪನವರು ಕೀಲಿ ಕೈಗಿತ್ತರು. ಗಾಳೆಪ್ಪ ಸ್ಯಾಂಡಲ್ ಬಿಚ್ಚಿ ಹತ್ತಿ ಕೂತ. ಕನ್ನಡಿ ಸರಿ ಮಾಡಿಕೊಂಡ. ಸಾಲು ಸಾಲು ಸಣ್ಣ ಸೀಟು, ಪ್ರತಿ ಸೀಟಿನ ಮುಂಭಾಗಕ್ಕೆ ಒಂದೊಂದು ಮಗುವಿನ ಹೆಸರು ಬರೆದ ಚೀಟಿ. ಕನ್ನಡಿಯಲ್ಲಿ ಅಕ್ಷರ ತಿರುವುಮುರುವಾಗಿ ಕಂಡರೂ ಒಂದೆರಡನ್ನು ಕೂಡಿಸಿ ಓದಿದ. ಎಂಜಿನ್ ಶುರು ಮಾಡಿ ನಿಧಾನಕ್ಕೆ ಅಂಗಳದಲ್ಲಿ ಒಂದು ಸುತ್ತು ಬಂದ. ಧ್ವಜದ ಕಂಬದ ಹತ್ತಿರ ನಿಲ್ಲಿಸಲು ಬ್ರೇಕ್ ತುಳಿದ. ವ್ಯಾನು ನಿಂತಿತು, ಆದರೆ ಎಂಜಿನ್ ಗರ್ರೆಂದು ಕೂಗಿತು. ಮುಂದೆ ಯಾವ ಪಟ್ಟಿಯೂ ಇರಲಿಲ್ಲ, ಹಸಿರೂ ಇಲ್ಲ, ಕೆಂಪೂ ಇಲ್ಲ. ಬಗ್ಗಿ ನೋಡಿದ. ಪಾದ ಎರಡೂ ಪೆಡಲಿನ ಮೇಲಿತ್ತು.

“ಹೊಸ ಗಾಡಿ ಮ್ಯಾಲ ಭಾರಿ ಹುರುಪು ಬಂದಂಗೈತಿ!” ಎಂದು ದೊಡ್ಡಬಸಪ್ಪನವರು ದೂರದಿಂದ ನಕ್ಕರು.

ಗಾಳೆಪ್ಪ ಇಳಿದು ಬಂದು ಕೀಲಿಯನ್ನು ಅವರ ಕೈಗೆ ಹಿಂದಕ್ಕಿಟ್ಟ.

“ನನ್ನ ಕೈಲೆ ಆಗಂಗಿಲ್ರಿ ಬಸಪ್ಪಣ್ಣ. ಬ್ಯಾರೆ ಯಾರನ್ನಾರ ನೋಡ್ರಿ.”

“ಪಗಾರ ಕಮ್ಮಿ ಆತೇನು? ಮಾತಾಡ್ತೀನಿ.”

“ಪಗಾರದ ಮಾತಲ್ರಿ.”

“ಮತ್ತೇನು? ಬಾಯಿ ಬಿಟ್ಟು ಹೇಳಪ್ಪಾ.”

ಇಪ್ಪತ್ತೆಂಟು ವರ್ಷ ಬೇರೆಯವರ ಕಾಯಿಲೆ ಕಸಾಲೆ ಕೇಳಿದವನಿಗೆ ತನ್ನದನ್ನು ಹೇಳುವುದು ಎಲ್ಲಿಂದ ಶುರು ಮಾಡಬೇಕೆಂದೇ ಗೊತ್ತಿರಲಿಲ್ಲ. ಕೊನೆಗೆ, “ನಾಳಿಕ್ಕ ನನ್ನ ಕೂಡ ಬಳ್ಳಾರಿಗೆ ಬರ್ರಿ, ತೋರಿಸ್ತೀನಿ” ಎಂದ.

ಸೋಮವಾರ ಇಬ್ಬರೂ ಒಂಬತ್ತರ ಬಸ್ಸಿನಲ್ಲಿ ಹೊರಟರು. ಅಕ್ಕಪಕ್ಕದ ಸೀಟಿನಲ್ಲಿ ಕೂತದ್ದು ಅದೇ ಮೊದಲು. ದಾರಿಯುದ್ದಕ್ಕೂ ದೊಡ್ಡಬಸಪ್ಪನವರು ಮೊಮ್ಮಗಳ ಮಾತು ಆಡಿದರು, ನಡುವೆ ಒಮ್ಮೆ ತಿರುಗಿ ಗಾಳೆಪ್ಪನ ಮುಖ ನೋಡಿದರು. ಕೌಲ್ ಬಜಾರಿನ ಮೆಟ್ಟಿಲು ಹತ್ತಿ ಒಳಗೆ ಬಂದಾಗ ಅವರಿಗೆ ಸಿಟ್ಟೇ ಬಂತು. ಅರವತ್ತೆರಡರ ಮನುಷ್ಯನನ್ನು ಕೆಲಸ ಬಿಡಿಸಿ ಆಟ ತೋರಿಸಲು ಕರೆತಂದಿದ್ದಾನಲ್ಲ ಎಂದು. ಜ್ಯೋತಿ ಕುರ್ಚಿ ಹಾಕಿದಳು. ಗಾಳೆಪ್ಪ ಸ್ಯಾಂಡಲ್ ಬಿಚ್ಚಿಟ್ಟು, ಸ್ಟೇರಿಂಗನ್ನು ಕಣ್ಣಿಗೊತ್ತಿಕೊಂಡು ಕೂತ. ಬಾಯಲ್ಲಿ ‘ಪಾಂ ಪಾಂ’ ಎಂದು ಹೊರಟ.

ಅಂದು ಅವನು ಎಂದಿಗಿಂತ ಚೆನ್ನಾಗಿ ಓಡಿಸಿದ. ನೋಡುತ್ತಾ ನೋಡುತ್ತಾ ದೊಡ್ಡಬಸಪ್ಪನವರ ಸಿಟ್ಟು ಇಳಿಯಿತು.

“ಭಲೇ! ಇನ್ನೂ ಹಂಗಽ ಅದೀಯಲ್ಲೋ. ನಿನಗೇನಾಗೈತಿ?”

“ರಸ್ತಿ ನೋಡಬ್ಯಾಡ್ರಿ. ಕೆಳಗ ಮೂಲಿಯಾಗ ನೋಡ್ರಿ.”

ತಿರುವು ಬಂತು. ಕೆಂಪು ಏರಿತು, ಜೊತೆಗೆ ಹಸಿರೂ ಏರಿತು. ಮುಂದಿನ ತಿರುವಿನಲ್ಲೂ ಹಾಗೇ. ಅವರಿಗೆ ತಿಳಿಯಲಿಲ್ಲ. ಜ್ಯೋತಿ ವಿವರಿಸತೊಡಗಿದಳು: ಕೆಂಪು ಅಂದ್ರ ಬ್ರೇಕು, ಹಸಿರು ಅಂದ್ರ ಎಕ್ಸಲೇಟರು, ಎರಡನ್ನೂ ಕೂಡೇ ತುಳಿಯೋದು ಮಾವನ ಟ್ರಿಕ್ಕು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣದಾಯಿತು, ಅರ್ಧಕ್ಕೇ ನಿಲ್ಲಿಸಿದಳು.

“ಟ್ರಿಕ್ಕಲ್ಲಬೇ” ಎಂದ ಗಾಳೆಪ್ಪ. ಕಾರನ್ನು ಅಂಚಿಗೆ ತಂದು ನಿಲ್ಲಿಸಿದ. ತಿರುಗಿ ನೋಡದೆ, ಪರದೆಯ ಕಡೆಗೇ ಮುಖ ಮಾಡಿಕೊಂಡು ಹೇಳಿದ. ಹಾಗೆ ಹೇಳುವುದೇ ಅವನಿಗೆ ಸಲೀಸು. “ಕಾಲು ಎಲ್ಲೈತಿ ಅಂತ ನನಗ ತಿಳಿಯಂಗಿಲ್ರಿ. ಬೆಂಕಿ ತುಳಿದ್ರೂ ತಿಳಿಯಂಗಿಲ್ಲ. ಹದಿನೇಳು ಹುಡುಗ್ರನ್ನ ಈ ಕಾಲಿನ ಮ್ಯಾಲ ಹೆಂಗ ಕುಂದ್ರಿಸಲಿ? ಅವ್ರು ಇದರಾಗಿನ ಗಾಡಿಯಂಗ ತಿರುಗಿ ಎದ್ದು ಬರಂಗಿಲ್ಲಲ್ರಿ.”

ಜ್ಯೋತಿ ಹೋಗಿ ಆಟದ ಎಂಜಿನ್ನಿನ ಸದ್ದು ತಗ್ಗಿಸಿದಳು.

“ಯಾವಾಗಿಂದ?” ಎಂದರು ದೊಡ್ಡಬಸಪ್ಪನವರು.

“ಎರಡು ವರ್ಷಾತ್ರಿ.”

“ಎರಡು ವರ್ಷ! ಯಾರಿಗೂ ಹೇಳೇ ಇಲ್ಲೇನು?”

ಗಾಳೆಪ್ಪ ಕನ್ನಡಿಯ ಕಡೆ ಗದ್ದ ತೋರಿಸಿದ. ಆಟದ ಕಾರಿನ ಕನ್ನಡಿಯಲ್ಲಿ ಸರಳುಗಳ ಆಚೆ ಖಾಲಿ ರಸ್ತೆ ಬಿದ್ದಿತ್ತು.

“ಯಾರಿಗಂತ ಹೇಳಲ್ರಿ? ಹಿಂದ ಸೀಟಽ ಇಲ್ಲ.”

ದೊಡ್ಡಬಸಪ್ಪನವರು ಎದ್ದು ಬಂದರು. ಇಪ್ಪತ್ತೆರಡು ವರ್ಷ ಈ ಕುತ್ತಿಗೆಯ ಮಚ್ಚೆ ನೋಡಿದ್ದರು, ಈ ಕುತ್ತಿಗೆಗೆ ತಮ್ಮ ಸಂಸಾರವನ್ನೆಲ್ಲ ಹೇಳಿದ್ದರು. ಪಾರಮ್ಮ ಸತ್ತ ನಾಲ್ಕನೆಯ ದಿನ ಕೂಡ ಇದರ ಹಿಂದೆ ಕೂತು ಬಡ್ತಿಯ ವಿಚಾರವನ್ನೇ ಮಾತಾಡಿದ್ದರು. ಅದು ಅವರಿಗೆ ಈಗ ನೆನಪಾಯಿತು, ನಾಚಿಕೆಯಾಯಿತು. ಬಿಳಿ ಪಂಚೆಯನ್ನು ಮೊಳಕಾಲಿಗೆ ಎತ್ತಿಕೊಂಡು ಪೆಡಲುಗಳ ಹತ್ತಿರ ನೆಲದ ಮೇಲೆ ಕೂತರು. ಗಾಳೆಪ್ಪನ ಬಲಗಾಲನ್ನು ಎರಡೂ ಕೈಯಲ್ಲಿ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು.

“ಬ್ಯಾಡ್ರಿ, ಬ್ಯಾಡ್ರಿ ಅಣ್ಣ! ನೀವು ನನ್ನ ಕಾಲು ಮುಟ್ಟೋದು ಅಂದ್ರ...”

“ಸುಮ್ಮನ ಕುಂದ್ರು. ಇಲ್ಲಿ ತಿಳೀತೈತೇನು?”

“ಇಲ್ರಿ.”

“ಇಲ್ಲಿ?”

ಗಾಳೆಪ್ಪ ಬಗ್ಗಿ ನೋಡಿದ. ಪಾರಮ್ಮ ಹೋದ ಮೇಲೆ ಅವನ ಮೈಯನ್ನು ಯಾರೂ ಮುಟ್ಟಿರಲಿಲ್ಲ. ಈಗ ಒಬ್ಬರು ಅವನ ಪಾದವನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದರು, ಹೆಬ್ಬೆರಳಿನಿಂದ ಅಂಗಾಲನ್ನು ತಿಕ್ಕುತ್ತಿದ್ದರು. ಅವನಿಗೆ ಅದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

“ಒತ್ತಾಕ ಹತ್ತೀರೇನ್ರಿ?” ಎಂದು ಕೇಳಿದ.

“ಆಗಿನಿಂದ ಒತ್ತಾಕ ಹತ್ತೀನಲ್ಲೋ ಗಾಳೆಪ್ಪಾ.”

ಗಾಳೆಪ್ಪ ಕೆಂಪು ಟವೆಲ್ಲಿನಿಂದ ಮುಖ ಒರೆಸಿಕೊಂಡ.

“ಇನ್ನಷ್ಟು ಮ್ಯಾಲ ಬರ್ರಿ” ಎಂದ, “ಹಿಮ್ಮಡಿ ದಾಟಿ ಬರ್ರಿ. ಅಲ್ಲಿ ತಿಳೀಬೌದು.”